ಡಾಕ್ಟರೋ, ಎನ್‌ಪಿಯೋ, ಪಿಎಯೋ?

ಅಮ್ಮನಿಗೆ 68 ವರ್ಷ, ಶುಗರ್, ಬಿಪಿ ಎರಡೂ ಇವೆ. ಗ್ರೀನ್ ಕಾರ್ಡ್ ಮೇಲೆ ಡಲ್ಲಾಸ್‌ನಲ್ಲಿ ನಮ್ಮ ಜೊತೆ ಇದ್ದಾರೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಅಂತ ಹೋದರೆ ನೋಡಿದ್ದು ನರ್ಸ್ ಪ್ರಾಕ್ಟೀಷನರ್. ಕೋ-ಪೇ (ವಿಮೆ ಇದ್ದರೂ ನಾವು ಕೈಯಿಂದ ಕಟ್ಟುವ ಪಾಲು) ಮಾತ್ರ ಪೂರ್ತಿ ತೆಗೆದುಕೊಂಡರು. ಇದು ಮೋಸ ಅಲ್ಲವೇ?

ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುವುದಿಲ್ಲ. ಎನ್‌ಪಿ, ಅಂದರೆ ನರ್ಸ್ ಪ್ರಾಕ್ಟೀಷನರ್, ಇಂಜೆಕ್ಷನ್ ಕೊಡುವ ಸಿಸ್ಟರ್ ಅಲ್ಲ. ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್, ಸಾಹೇಬರ ಫೈಲ್ ಹಿಡಿಯುವ ಪಿಎಯೂ ಅಲ್ಲ. ಇಬ್ಬರೂ ರೋಗಿಯನ್ನು ಪರೀಕ್ಷಿಸುತ್ತಾರೆ, ಟೆಸ್ಟ್ ಬರೆಯುತ್ತಾರೆ, ಔಷಧಿ ಬರೆಯುತ್ತಾರೆ. 1965ರಿಂದ ಅಮೆರಿಕದಲ್ಲಿ ಇದು ನಡೆದಿದೆ: ಎನ್‌ಪಿ ಕೊಲೊರಾಡೊದಲ್ಲಿ, ಪಿಎ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು.

ಹಾಗೆಂದು ಮೂವರೂ ಒಂದೇ ಅಂತ ಕ್ಲಿನಿಕ್‌ನವರು ಹೇಳಿದರೆ ಅದನ್ನೂ ನಂಬಬೇಡಿ. ಕಲಿಯುವಾಗ ರೋಗಿಗಳ ನಡುವೆ ಕಳೆದ ಸಮಯ ನೋಡಿ. ಎನ್‌ಪಿಗೆ ಕನಿಷ್ಠ 500 ಗಂಟೆ ಇತ್ತು, ಹೊಸ ಮಾನದಂಡದಲ್ಲಿ 750. ನರ್ಸ್ ಆಗಿ ದುಡಿದ ವರ್ಷಗಳು ಬೇರೆ, ಅವು ಕೆಲವರಿಗೆ ಹದಿನೈದು, ಕೆಲವರಿಗೆ ಒಂದೇ. ಪಿಎಗೆ ಸುಮಾರು 2,000. ರೆಸಿಡೆನ್ಸಿ (ಡಿಗ್ರಿಯ ನಂತರದ ಆಸ್ಪತ್ರೆ ತರಬೇತಿ) ಮುಗಿಸಿದ ಡಾಕ್ಟರಿಗೆ 10,000 ದಾಟಿರುತ್ತದೆ. ಟೆಕ್ಸಾಸ್‌ನಲ್ಲಿ ಎನ್‌ಪಿ ಔಷಧಿ ಬರೆಯಲು ಒಬ್ಬ ಡಾಕ್ಟರ್ ಜೊತೆ ಒಪ್ಪಂದ ಇರಲೇಬೇಕು, ಅರಿಜೋನಾದಲ್ಲಿ ಬೇಡ. ಒಪ್ಪಂದ ಇದ್ದರೂ ಆ ಡಾಕ್ಟರ್ ಪಕ್ಕದ ಕೋಣೆಯಲ್ಲೇ ಇರುತ್ತಾರೆ ಅಂದುಕೊಳ್ಳಬೇಡಿ.

ನಿಮ್ಮ ಅಮ್ಮನದು ಗೊತ್ತಿರುವ ಕಾಯಿಲೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಪಾದದ ಪರೀಕ್ಷೆ, ಬಿಪಿ ಮಾತ್ರೆಯ ಹೆಚ್ಚುಕಮ್ಮಿ: ಇದಕ್ಕೆ ಎನ್‌ಪಿ ಧಾರಾಳ ಸಾಕು, ಹೆಚ್ಚು ಹೊತ್ತು ಕೂತು ಮಾತಾಡುವವರೂ ಅವರೇ. ಡಾಕ್ಟರೇ ಬೇಕು ಎಂದು ಹಟ ಹಿಡಿಯಬೇಕಾದದ್ದು ಕಾಯಿಲೆಗೆ ಇನ್ನೂ ಹೆಸರು ಸಿಗದಿದ್ದಾಗ. ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಒಂದೇ ದೂರಿಗೆ ಮೂರನೇ ಸಲ ಹೋಗುತ್ತಿದ್ದೀರಿ, ಕಿಡ್ನಿ ಸೋಲುತ್ತಾ ಬಂದು ಈಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಳತೆ) 30ರ ಹತ್ತಿರ ಇಳಿದಿದೆ – ಆಗ. ಎದೆನೋವಾದರೆ ಇಬ್ಬರೂ ಬೇಡ, ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಯಾರು ನೋಡುತ್ತಾರೆ ಎಂದು ಕೇಳುವುದು ಫೋನಿನಲ್ಲಿ ಬುಕ್ ಮಾಡುವಾಗ, ಪರೀಕ್ಷೆ ಮುಗಿದ ಮೇಲೆ ಅಲ್ಲ. ಬ್ಯಾಡ್ಜ್‌ನಲ್ಲಿ ಹೆಸರಿನ ಮುಂದಿನ ಅಕ್ಷರ ಓದಿ: ಎಂಡಿ ಅಥವಾ ಡಿಒ ಇದ್ದರೆ ಡಾಕ್ಟರ್, ಪಿಎ-ಸಿ ಇದ್ದರೆ ಪಿಎ, ಎಫ್‌ಎನ್‌ಪಿ ಇದ್ದರೆ ಫ್ಯಾಮಿಲಿ ಎನ್‌ಪಿ. ಡಿಎನ್‌ಪಿ ನರ್ಸಿಂಗ್‌ನ ಡಾಕ್ಟರೇಟ್. ಅದನ್ನು ಎಂಡಿ ಎಂದು ಎಣಿಸಬೇಡಿ.

ನನಗೆ ನಿಜವಾದ ಭಯ ಇರುವುದು ನೀವು ಊರಿನಿಂದ ತಂದ ಮಾತ್ರೆ ಡಬ್ಬಿಯ ಬಗ್ಗೆ. ಗ್ಲೈಕೊಮೆಟ್ ಜಿಪಿ 2 ಎಂಬ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. 'ಅದೇ, ಮೆಟ್‌ಫಾರ್ಮಿನ್' ಅಂತ ನೀವು ಹೇಳಿಬಿಡುತ್ತೀರಿ. ಅದರೊಳಗೆ 2 ಮಿಲಿಗ್ರಾಂ ಗ್ಲಿಮೆಪಿರೈಡ್ ಕೂಡ ಕೂತಿದೆ. ಶುಗರ್ ಇಳಿದಿಲ್ಲವೆಂದು ಅವರು ಗ್ಲಿಪಿಜೈಡ್ ಸೇರಿಸುತ್ತಾರೆ. ಗ್ಲಿಮೆಪಿರೈಡ್, ಗ್ಲಿಪಿಜೈಡ್ ಎರಡೂ ಒಂದೇ ಜಾತಿಯವು. ಅಮ್ಮ ಏಕಾದಶಿಗೆ ಉಪವಾಸ ಕೂತರೆ ಶುಗರ್ ತೀರಾ ಇಳಿದು ಮಧ್ಯಾಹ್ನಕ್ಕೆ ಬೆವರು, ಕೈ ನಡುಕ, ಆಮೇಲೆ ಪ್ರಜ್ಞೆ ತಪ್ಪುವುದು. ಈ ತಪ್ಪನ್ನು ಎಂಡಿಯೂ ಮಾಡಬಲ್ಲ. ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಪ್ರತಿ ಔಷಧಿಯ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂಬುದನ್ನು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಉಪವಾಸದ ವಿಷಯವನ್ನೂ ಬರೆಯಿರಿ, ಅವರಾಗಿ ಕೇಳುವುದಿಲ್ಲ.

ದುಡ್ಡಿನ ವಿಷಯ: ಕೋ-ಪೇ ನಿಮ್ಮ ಪ್ಲಾನ್ ಗೊತ್ತುಮಾಡಿದ್ದು, ನೋಡಿದವರ ಡಿಗ್ರಿ ಅಲ್ಲ.

ಮಗಳು ಎಂಬಿಬಿಎಸ್. ರೆಸಿಡೆನ್ಸಿ ಸಿಗದಿದ್ದರೆ ನೇರ ಪಿಎ ಆಗಬಹುದೇ?

ಇಲ್ಲ. ಅಮೆರಿಕದ ಮಾನ್ಯತೆ ಪಡೆದ ಪಿಎ ಕೋರ್ಸ್‌ಗೆ ಸೇರಿ ಮೊದಲಿನಿಂದ ಓದಬೇಕು, ಸುಮಾರು 27 ತಿಂಗಳು. ಆಮೇಲೆ ಪಿಎ ಆಗಲು ಬರೆಯಬೇಕಾದ ಪ್ಯಾನ್ಸ್ ಪರೀಕ್ಷೆ. 'ನೇರ ಸೀಟು' ಎನ್ನುವ ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೆಂಗಳೂರಿನ ಬಿಎಸ್ಸಿ ಫಿಸಿಷಿಯನ್ ಅಸಿಸ್ಟೆಂಟ್ ಡಿಗ್ರಿ ಅಮೆರಿಕದಲ್ಲಿ ನಡೆಯುತ್ತದೆಯೇ?

ಮೇಲಿನ ಉತ್ತರವೇ.

ಶುಗರ್‌ಗೆ ಊರಿನ ಪಂಡಿತರ ಪುಡಿ ತೆಗೆದುಕೊಳ್ಳುತ್ತೇವೆ. ಎನ್‌ಪಿಗೆ ಹೇಳಬೇಕೇ?

ಹೇಳಲೇಬೇಕು. ಇಂಥ ಕೆಲವು ಪುಡಿಗಳಲ್ಲಿ ಸೀಸ ಸಿಕ್ಕಿದೆ. ಕೆಲವದರಲ್ಲಿ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದೂ ಪತ್ತೆಯಾಗಿದೆ. 'ಪುಡಿಯಿಂದ ಶುಗರ್ ಇಳಿಯಿತು' ಅಂತ ಕುಣಿಯುವ ಮೊದಲು ಡಬ್ಬಿ ಸಮೇತ ಹೋಗಿ ತೋರಿಸಿ.