ಅರ್ಜಿ ಹಾಕಿದ್ರೆ ಸಾಲದು, ಪರೀಕ್ಷೆ ಕೇಳಬೇಕು

ಪೇಟೆಂಟ್ ಅರ್ಜಿ ಹಾಕಿ 14 ತಿಂಗಳಾದರೂ ಸದ್ದೇ ಇಲ್ಲ, ನಮ್ಮದು ಸಣ್ಣ ವರ್ಕ್‌ಶಾಪ್, ಬೇಗ ಮಾಡಿಸಲು ದಾರಿ ಇದೆಯಾ ಅಂತ ಕೇಳಿದ್ದೀರಿ. ಮೊದಲು ಒಂದು ವಿಷಯ ನೋಡಿಕೊಳ್ಳಿ: ಪರೀಕ್ಷೆಗೆಂದು, ಅಂದರೆ ಪೇಟೆಂಟ್ ಕೊಡಬಹುದೇ ಎಂದು ಕಚೇರಿ ಪರಿಶೀಲಿಸಲೆಂದು, ಬೇರೆ ಅರ್ಜಿ ಕೊಟ್ಟಿದ್ದೀರಾ? ಅದು ಕೊಡದಿದ್ದರೆ ನೀವಿನ್ನೂ ಸರದಿಯಲ್ಲೇ ಇಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಸಾಮಾನ್ಯ ಪರೀಕ್ಷೆಗೆ ಫಾರ್ಮ್ 18. ನಿಮಗೆ ಬೇಕಾಗಿರುವುದು 18ಎ, ಅಂದರೆ ತ್ವರಿತ ಪರೀಕ್ಷೆ. 2016ರಲ್ಲಿ ಇದು ಸ್ಟಾರ್ಟಪ್‌ಗಳಿಗೆ ಸಿಕ್ಕಿತು, 2019ರಲ್ಲಿ ಸಣ್ಣ ಉದ್ಯಮಗಳಿಗೂ ಮಹಿಳಾ ಅರ್ಜಿದಾರರಿಗೂ ಬಂತು. ಆನ್‌ಲೈನ್‌ನಲ್ಲಿ ಶುಲ್ಕ 8,000 ರೂಪಾಯಿ. ದೊಡ್ಡ ಕಂಪನಿಗಳಿಗೆ 60,000. ಈ ರಿಯಾಯಿತಿಗೆ ನಿಮ್ಮದು ಸಣ್ಣ ಉದ್ಯಮ ಎಂದು ತಿಳಿಸುವ ಫಾರ್ಮ್ 28 ಜೊತೆ ಉದ್ಯಮ್ ನೋಂದಣಿ ಪತ್ರ ಲಗತ್ತಿಸಿ. ಅರ್ಜಿ ಇನ್ನೂ ಪ್ರಕಟವಾಗಿಲ್ಲದಿದ್ದರೆ ಬೇಗ ಪ್ರಕಟಿಸಿ ಎಂದು ಕೋರುವ ಫಾರ್ಮ್ 9 ಕೂಡ ಬೇಕು. ಇಲ್ಲದಿದ್ದರೆ ಪ್ರಕಟಣೆಗೇ 18 ತಿಂಗಳು ಕಾಯಬೇಕಾಗುತ್ತದೆ. ಫಾರ್ಮ್ 18 ಈಗಾಗಲೇ ಕೊಟ್ಟಿದ್ದರೂ ಚಿಂತೆಯಿಲ್ಲ, ಅದನ್ನು 18ಎ ಆಗಿ ಬದಲಿಸಬಹುದು.

ಇನ್ನೊಂದು ಮಾತು. ತಡಕ್ಕೆ ಕಚೇರಿಯೊಂದೇ ಕಾರಣ ಅಲ್ಲ. ಕಚೇರಿಯ ಆಕ್ಷೇಪಗಳಿರುವ ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಿಸಲು 6 ತಿಂಗಳು ಇರುತ್ತೆ. ನಾವು ಸುಮ್ನೆ ಕೊನೇ ವಾರದವರೆಗೂ ಎಳೀತೀವಿ, ಅಲ್ವಾ? ಎರಡೇ ವಾರದಲ್ಲಿ ಉತ್ತರ ಕೊಟ್ಟರೆ ಅಷ್ಟೂ ಸಮಯ ನಿಮಗೇ ಉಳಿಯುತ್ತೆ.