ಸಂಪಾದಕರ ಉತ್ತರ: ಹೊರಡದ ಹಡಗು, ಮುಳುಗಿದ ಊರು

(ಸಾಗರ ಪಟ್ಟಣದ ಓದುಗರೊಬ್ಬರ ಪತ್ರದ ಸಾರ: ‘ಅಸೆನ್ಷನ್’ ಎಂಬ ಅಮೆರಿಕದ ಟಿವಿ ಕಿರುಧಾರಾವಾಹಿಯ ಮೊದಲ ರಾತ್ರಿಯ ತಿರುವಿಗೆ ಬೆರಗಾದೆ. ಆಮೇಲೆ ಕಥೆ ಹಳ್ಳ ಹಿಡಿಯಿತು. ಅಮೆರಿಕದವರ ಕೈಲೇ ಆಗದ್ದು ನಮ್ಮಿಂದ ಆದೀತೇ? ಕನ್ನಡದವರು ವೈಜ್ಞಾನಿಕ ಕಥೆಯ ಗೊಡವೆಗೆ ಹೋಗದಿರುವುದೇ ಲೇಸು. ನಿಮ್ಮ ಅಭಿಪ್ರಾಯವೇನು?)

ಪ್ರಿಯ ಓದುಗರೇ,

ಆ ತಿರುವು ಜಾಣತನದ್ದು, ಒಪ್ಪಿದೆ. 1963ರಲ್ಲಿ ಆರುನೂರು ಜನರನ್ನು ಹೊತ್ತು ಗುಟ್ಟಾಗಿ ಹೊರಟ ಬಾಹ್ಯಾಕಾಶ ಹಡಗು, ನೂರು ವರ್ಷದ ಪಯಣ, ಐವತ್ತೊಂದನೇ ವರ್ಷಕ್ಕೆ ಮೊದಲ ಕೊಲೆ. ನೋಡಿದರೆ ಹಡಗು ನೆಲ ಬಿಟ್ಟು ಕದಲೇ ಇಲ್ಲ! ನೀವು ಚಪ್ಪಾಳೆ ತಟ್ಟಿದ ಆ ಗಳಿಗೆಯಲ್ಲೇ ಕಥೆ ಕೆಟ್ಟಿತೆಂದು ನನ್ನ ಎಣಿಕೆ.

ಹಡಗಿನ ಕಲ್ಪನೆಗೆ ಗಟ್ಟಿ ಬುಡವಿತ್ತು. 1958ರಲ್ಲಿ ಅಮೆರಿಕದಲ್ಲಿ ‘ಓರಿಯನ್’ ಯೋಜನೆ ನಿಜಕ್ಕೂ ಶುರುವಾಗಿತ್ತು. ಭೌತವಿಜ್ಞಾನಿ ಫ್ರೀಮನ್ ಡೈಸನ್ ಅದರಲ್ಲಿ ದುಡಿದಿದ್ದರು. ಹಡಗಿನ ಹಿಂದೆ ಸಣ್ಣ ಸಣ್ಣ ಅಣುಬಾಂಬು ಸಿಡಿಸುವುದು, ದಪ್ಪನೆಯ ಲೋಹದ ತಟ್ಟೆ ಆ ಹೊಡೆತ ತಿಂದು ಹಡಗನ್ನು ಮುಂದಕ್ಕೆ ನೂಕುವುದು. 1963ರ ಒಪ್ಪಂದ ಬಾಹ್ಯಾಕಾಶದ ಅಣುಪರೀಕ್ಷೆಗೆ ತಡೆ ಹಾಕಿತು, ಯೋಜನೆ ಕಮರಿತು. ಇಷ್ಟೆಲ್ಲ ಕೈಯಲ್ಲಿದ್ದೂ ಧಾರಾವಾಹಿಯವರು ಅತೀಂದ್ರಿಯ ಶಕ್ತಿಯ ಹುಡುಗಿಗೆ ಯಾಕೆ ಜೋತುಬಿದ್ದರು?

ಹಡಗಿನಲ್ಲೇ ಹುಟ್ಟಿದ ಹರೆಯದವರಿಗೆ ಒಂದು ದಿನ ಹೊಳೆಯುತ್ತದೆ: ಈ ಪಯಣಕ್ಕೆ ತಮ್ಮನ್ನು ಯಾರೂ ಕೇಳಲಿಲ್ಲ. ಕಥೆಯ ಜೀವ ಅಲ್ಲಿತ್ತು. ಮೂರು ರಾತ್ರಿಯ ಧಾರಾವಾಹಿ ಅದನ್ನು ಮುಟ್ಟಿ ಬಿಟ್ಟುಬಿಟ್ಟಿತು.

ಸಾಗರದಲ್ಲಿದ್ದೂ ನಿಮಗಿದು ತಟ್ಟಲಿಲ್ಲವೇ? ಹೆಚ್ಚುಕಡಿಮೆ ಅದೇ ಹೊತ್ತಿಗೆ, 1964ರಲ್ಲಿ, ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ನಮ್ಮ ದೊಡ್ಡಪ್ಪನವರ ಮನೆ ಮುಳುಗಡೆಯಾಯಿತು. ದನಕರು, ಹಂಡೆ, ಒನಕೆ ಸಮೇತ ಲಾರಿ ಹತ್ತಿ ಕಾಡಿನ ನಡುವೆ ಇಳಿದವರು ಅವರು. ಯಾವ ಅರ್ಜಿಯಲ್ಲೂ ‘ಸ್ವಂತ ಊರು’ ಎಂಬಲ್ಲಿ ನೀರಡಿಯ ಊರನ್ನೇ ಬರೆಯುತ್ತಿದ್ದರು. ಹೊಸ ಜಾಗದಲ್ಲಿ ಹುಟ್ಟಿದ ಮಗನೂ ಅದನ್ನೇ ಬರೆದ. ಕಚೇರಿಯೊಂದರ ಗುಮಾಸ್ತರು ‘ಇಂಥ ಊರೇ ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಮಡಿಕೆ ಬಿದ್ದಲ್ಲಿ ಹರಿದ ಆ ಕಾಗದ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಜಮೀನಿನ ಹಕ್ಕುಪತ್ರಕ್ಕೆ ಈಗ ಮೊಮ್ಮಗ ಅಲೆಯುತ್ತಿದ್ದಾನೆ. ಹಡಗಿನಲ್ಲಿ ಹುಟ್ಟಿದವರ ಸಂಕಟ ಇವನಿಗೆ ಯಾರೂ ವಿವರಿಸಬೇಕಿಲ್ಲ.

ತಿರುವಿನ ಚಪಲ ನಮ್ಮಲ್ಲೂ ಮಿತಿಮೀರಿದೆ. ಕಥಾಸ್ಪರ್ಧೆಗೆ ಬರುವ ಕಟ್ಟು ಬಿಚ್ಚಿದರೆ ಒಂದರಲ್ಲಿ ಎಲ್ಲವೂ ಕನಸು, ಇನ್ನೊಂದರಲ್ಲಿ ನಾಯಕ ಮೊದಲೇ ಸತ್ತವನು. ಬಯಲಾಟದ ಪ್ರಸಂಗದ ಕೊನೆ ಊರಿಗೆಲ್ಲ ಗೊತ್ತು. ಆದರೂ ತೀರ್ಥಹಳ್ಳಿ, ಹೊಸನಗರದ ಕಡೆ ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತು ನೋಡಿದ್ದಾರೆ. ಭಾಗವತರು ಮಂಗಳ ಹಾಡಿಯೇ ಏಳುತ್ತಿದ್ದರು. ‘ಅಸೆನ್ಷನ್’ನವರು ಮುಂದಿನ ಕಂತಿನ ಆಸೆಗೆ ಎಳೆಗಳನ್ನೆಲ್ಲ ಬಿಚ್ಚಿಟ್ಟೇ ಎದ್ದುಹೋದರು, 2015ರಲ್ಲಿ ವಾಹಿನಿ ಕೈಬಿಟ್ಟಿತು.

ನಮ್ಮಿಂದ ಆದೀತೇ ಎಂದಿರಿ. ತಾಯಿಯ ತವರು ಲಿಂಗನಮಕ್ಕಿ ಹಿನ್ನೀರಿನಂಚಿನ ತುಮರಿ ಕಡೆ ಎಂದು ಪತ್ರದ ಕೊನೆಗೆ ಬರೆದವರೂ ನೀವೇ. ಬೇಸಿಗೆಯಲ್ಲಿ ಹಿನ್ನೀರು ತೀರಾ ತಗ್ಗಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ಒಂದು ಅಣೆಕಟ್ಟನ್ನು ಇನ್ನೊಂದು ನುಂಗಿದ ಜಾಗ ಅದು. ತಾಯಿಯವರನ್ನು ಕರೆದುಕೊಂಡು ಹೋಗಿ ನೋಡಿ, ಅಲ್ಲಿಂದ ಕಥೆ ಶುರುಮಾಡಿ. ವಿಶೇಷಾಂಕದಲ್ಲಿ ನಿಮಗೆಂದು ಎಂಟು ಪುಟ ಎತ್ತಿಟ್ಟಿದ್ದೇನೆ.

— ಸಂಪಾದಕ, ಶಿವಮೊಗ್ಗ