ಹಳೆಯ ರೆಕಾರ್ಡುಗಳ ಹೊಸ ಹವ್ಯಾಸ

ಪ್ರಶ್ನೆ: ಪುಟ್ಟ ಫ್ಲ್ಯಾಟಿನಲ್ಲಿ ವಾಸವಾಗಿರುವ ನನಗೆ ಎಲ್‌ಪಿ (ಲಾಂಗ್ ಪ್ಲೇ, ಅಂದರೆ ಹೆಚ್ಚು ಹೊತ್ತು ನುಡಿಯುವ ಗ್ರಾಮಫೋನ್ ತಟ್ಟೆ) ರೆಕಾರ್ಡುಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದೆ. ಮೊಬೈಲಿನಲ್ಲೇ ಎಲ್ಲ ಹಾಡುಗಳೂ ಸಿಗುವಾಗ ಇದು ದುಂದುವೆಚ್ಚವೆಂದು ಮನೆಯವರು ಆಕ್ಷೇಪಿಸುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಹಾಡು ಕೇಳುವುದಷ್ಟೇ ಉದ್ದೇಶವಾಗಿದ್ದರೆ ಮನೆಯವರ ಮಾತು ಸರಿ. ಆದರೆ 1948ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಪಿ, ನಿಮಿಷಕ್ಕೆ 33⅓ ಸುತ್ತು ತಿರುಗುತ್ತ, ಒಂದು ಮಗ್ಗುಲಿನಲ್ಲಿ ಸುಮಾರು 20 ನಿಮಿಷಗಳ ಸಂಗೀತ ಮುಗಿದೊಡನೆ ನಿಂತುಬಿಡುತ್ತದೆ. ಎದ್ದು ಹೋಗಿ ಮಗುಚಿ ಹಾಕಬೇಕಾದ ಆ ಕಟ್ಟುಪಾಡೇ ನಮ್ಮನ್ನು ಗಮನವಿಟ್ಟು ಕೇಳುವಂತೆ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಅದರ ಧ್ವನಿ ಸಿ.ಡಿ.ಗಿಂತ ಶುದ್ಧವೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ.

ಕೊಳ್ಳುವಾಗ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂತಹ ಗೆರೆಗಳಿಂದ ಹೆಚ್ಚಿನ ತೊಂದರೆಯಿಲ್ಲ. ಉಗುರಿಗೆ ತಾಗುವಷ್ಟು ಆಳದ ಗೀರಿದ್ದರೆ ರೆಕಾರ್ಡಿನ ಮೇಲೆ ಓಡುವ ಮುಳ್ಳು ಅಲ್ಲಿ ಹಾರುವ ಅಥವಾ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುವ ಸಂಭವವುಂಟು. ಇನ್ನೂ ಹಳೆಯದಾದ, ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿ ಮುಳ್ಳು ಓಡುವ ಜಾಡು ಅಗಲವಾಗಿರುವುದರಿಂದ ಅವುಗಳಿಗೆ ಬೇರೆಯೇ ಮುಳ್ಳು ಬೇಕಾಗುತ್ತದೆ. ಒಂದರ ಮೇಲೊಂದು ಪೇರಿಸಿದರೂ, ಬಿಸಿಲು ತಾಗಿದರೂ ರೆಕಾರ್ಡು ಸೊಟ್ಟಗಾಗುತ್ತದೆಯಾದ್ದರಿಂದ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿ. ಮುಟ್ಟುವಾಗ ಅಂಚು ಹಾಗೂ ನಡುವಿನ ಲೇಬಲನ್ನು ಮಾತ್ರ ಹಿಡಿಯಿರಿ.

ಜಾಗದ ಅಭಾವವೆಂದು ಸ್ಪೀಕರುಗಳನ್ನೂ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲನ್ನೂ ಒಂದೇ ಮೇಜಿನ ಮೇಲಿಟ್ಟರೆ ಕಂಪನವು ಮುಳ್ಳಿಗೆ ತಲುಪಿ ಗುಂಯ್‌ಗುಡುವ ಸದ್ದು ಬರುತ್ತದೆ. ಸ್ಪೀಕರುಗಳನ್ನು ಪ್ರತ್ಯೇಕವಾಗಿ, ಪಕ್ಕದ ಮನೆಯ ಗೋಡೆಗೆ ಒತ್ತದಂತೆ ಇಡುವುದು ಒಳ್ಳೆಯದು.